ಬ್ಲೂ ಬುಕ್ ಕಟ್ಟು ಮತ್ತು ಬಾದಾಮಿ ದಾರಿ: ಸೆಮಿಸ್ಟರ್ ಕೊನೆಯ ಒಂದು ಪ್ರಕರಣ

ಆಂತರಿಕ ಅಂಕದ ಗಡುವೂ ಮನೆಯವರ ಪ್ರವಾಸವೂ ಒಂದೇ ವಾರಕ್ಕೆ ಬಿದ್ದಾಗ ಒಬ್ಬ ಉಪನ್ಯಾಸಕಿ ಏನು ಮಾಡಿದರು ಎಂಬುದರ ಕಥೆ ಇದು. ಹಳೆ ಮೈಸೂರು ಭಾಗದ ಒಂದು ತಾಲ್ಲೂಕು ಕೇಂದ್ರದ ಅನುದಾನಿತ ಪದವಿ ಕಾಲೇಜಿನಲ್ಲಿ ನಡೆದದ್ದು. ಉಪನ್ಯಾಸಕಿಯ ಹೆಸರನ್ನು ಇಲ್ಲಿ ಲಲಿತಾ ಎಂದು ಇಟ್ಟುಕೊಂಡಿದ್ದೇನೆ. ಊರು, ಕಾಲೇಜು, ವಿಶ್ವವಿದ್ಯಾಲಯದ ಹೆಸರು ಹೇಳುವುದಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಅವರೇ ಇದನ್ನು ಓದಿ, "ಹಾಕಿ ಸರ್, ನಮ್ಮಂಥೋರು ಬೇಕಾದಷ್ಟು ಜನ ಇದಾರೆ" ಎಂದಿದ್ದಾರೆ. ನಾನು ಅದೇ ಕಾಲೇಜಿನಲ್ಲಿ ಬೇರೆ ವಿಭಾಗದವನು, ಐಕ್ಯೂಎಸಿ, ಅಂದರೆ ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಘಟಕದ ಕೆಲಸವೂ ನನ್ನ ಮೇಲಿದೆ. ಹಾಗಾಗಿ ಸ್ವಲ್ಪ ಭಾಗ ಕಣ್ಣಾರೆ ನೋಡಿದ್ದು, ಉಳಿದದ್ದು ಅವರಿಂದ ಮತ್ತು ಅವರ ಮನೆಯವರಿಂದ ಕೇಳಿದ್ದು.

ಹಿನ್ನೆಲೆ

ಲಲಿತಾ ಕನ್ನಡ ಕಲಿಸುತ್ತಾರೆ. ಪದವಿ ಕಾಲೇಜಿನಲ್ಲಿ ಭಾಷಾ ವಿಷಯದವರ ಪಾಡು ಬೇರೆಯವರಿಗೆ ಬೇಗ ಅರ್ಥವಾಗುವುದಿಲ್ಲ. ಐಚ್ಛಿಕ ವಿಷಯದವರಿಗೆ ಒಂದು ತರಗತಿಯಲ್ಲಿ ಮೂವತ್ತು ಮಕ್ಕಳಿದ್ದರೆ ಹೆಚ್ಚು. ಭಾಷೆಗೆ ಎಲ್ಲರೂ ಬರುತ್ತಾರೆ. ಲಲಿತಾ ಅವರ ಪಾಲಿಗೆ ಆ ಸೆಮಿಸ್ಟರ್‌ನಲ್ಲಿ ಬಿ.ಕಾಂ. ಎರಡು ಸೆಕ್ಷನ್, ಬಿ.ಎ. ಒಂದು, ಬಿಸಿಎ ಒಂದು ಬಂದಿದ್ದವು. ಒಟ್ಟು ಸುಮಾರು 230 ಮಕ್ಕಳು. ಕನ್ನಡದ ಉತ್ತರಗಳೋ ಪುಟಗಟ್ಟಲೆ ಇರುತ್ತವೆ. ಲೆಕ್ಕದ ಪೇಪರ್ ಥರ ಕೊನೆಯ ಸಾಲು ನೋಡಿ ಟಿಕ್ ಹಾಕುವ ಹಾಗಿಲ್ಲ.

ರಾಜ್ಯ ಶಿಕ್ಷಣ ನೀತಿ ಬಂದ ಮೇಲೆ, ಅಂದರೆ 2024-25ರಿಂದ, ನಮ್ಮಲ್ಲಿ ಸೆಮಿಸ್ಟರ್ ಪರೀಕ್ಷೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20 ಅಂಕ. ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಇದ್ದಾಗ ಅದು 60 ಮತ್ತು 40 ಇತ್ತು. ಆಂತರಿಕ ಅಂಕ ಅರ್ಧವಾಯಿತು, ಹಾಗಾಗಿ ಕೆಲಸವೂ ಅರ್ಧವಾಯಿತು ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಆದರೆ ಈಗಲೂ ಬರೆಸುವುದು ಅದೇ ಎರಡು ಟೆಸ್ಟ್, ತೆಗೆದುಕೊಳ್ಳುವುದು ಅದೇ ಒಂದು ಅಸೈನ್‌ಮೆಂಟ್. ಟೆಸ್ಟ್ 30 ಅಂಕಕ್ಕೇ ನಡೆಯುತ್ತದೆ, ಆಮೇಲೆ ಎರಡನ್ನೂ ಸೇರಿಸಿ 10ಕ್ಕೆ ಇಳಿಸುತ್ತೇವೆ. ಟೆಸ್ಟಿನ ಉತ್ತರ ಬರೆಯುವ ಬ್ಲೂ ಬುಕ್ಕಿನ ಪುಟಗಳೇನೂ ಕಡಿಮೆಯಾಗಿಲ್ಲ.

ಇನ್ನು ಪ್ರವಾಸದ ವಿಚಾರ. ಆ ವರ್ಷ ಕ್ರಿಸ್‌ಮಸ್ ಗುರುವಾರ ಬಂದಿತ್ತು. ಲಲಿತಾ ಅವರ ಗಂಡ ಬ್ಯಾಂಕಿನಲ್ಲಿದ್ದಾರೆ. ಗುರುವಾರ ರಜೆ, 27 ನಾಲ್ಕನೇ ಶನಿವಾರ, 28 ಭಾನುವಾರ. ಮಧ್ಯದ ಶುಕ್ರವಾರ ಮತ್ತು ಕೊನೆಯ ಸೋಮವಾರಕ್ಕೆ ಎರಡು ರಜೆ ಹಾಕಿದರೆ ಐದು ದಿನ ಸಿಗುತ್ತದೆ. ಬ್ಯಾಂಕಿನವರಿಗೆ ಇಂಥ ಜೋಡಣೆ ಅಪರೂಪ. ಎಂಟನೇ ತರಗತಿಯ ಮಗನಿಗೂ ಆ ವಾರ ರಜೆ. ಅಕ್ಟೋಬರ್‌ನಲ್ಲೇ ರೂಮು ಕಾದಿರಿಸಿದ್ದರು, ಏಕೆಂದರೆ ಡಿಸೆಂಬರ್ ಕೊನೆಗೆ ಹಂಪಿ, ಹೊಸಪೇಟೆಯಲ್ಲಿ ರೂಮು ಸಿಗುವುದು ಕಷ್ಟ. ಯೋಜನೆ ಹೀಗಿತ್ತು: 25ರ ಬೆಳಗಿನ ಜಾವ 4ಕ್ಕೆ ಸ್ವಂತ ಕಾರಿನಲ್ಲಿ ಹೊರಡುವುದು, ಹುಳಿಯಾರು, ಹಿರಿಯೂರು, ಚಿತ್ರದುರ್ಗದ ಮೇಲೆ ಹೊಸಪೇಟೆ, ಅಲ್ಲಿ ಎರಡು ರಾತ್ರಿ, ಆಮೇಲೆ ವಿಜಯಪುರ, ಕೂಡಲಸಂಗಮ, ಬಾದಾಮಿ, ವಾಪಸ್. ಅತ್ತೆಯೂ ಜೊತೆಗೆ. ಗಂಡ, ಹೆಂಡತಿ ಇಬ್ಬರೂ ಸರದಿಯಲ್ಲಿ ಗಾಡಿ ಓಡಿಸುವವರು.

ಅಕ್ಟೋಬರ್‌ನಲ್ಲಿ ಇದೆಲ್ಲ ಸರಿಯಾಗಿಯೇ ಕಂಡಿತ್ತು. ಎರಡನೇ ಟೆಸ್ಟ್ ಡಿಸೆಂಬರ್ ಮೊದಲ ವಾರ, ಆಂತರಿಕ ಅಂಕ ವಿಶ್ವವಿದ್ಯಾಲಯದ ಪೋರ್ಟಲ್‌ಗೆ ಹಾಕಲು ಕೊನೆಯ ದಿನ 31.

ಸಮಸ್ಯೆ ಹೇಗೆ ಬೆಳೆಯಿತು

ನವೆಂಬರ್ ಕನ್ನಡ ವಿಭಾಗದ ಕೈಯಲ್ಲಿ ಇರುವುದಿಲ್ಲ. ರಾಜ್ಯೋತ್ಸವ, ಕನಕ ಜಯಂತಿ, ಭಾಷಣ ಸ್ಪರ್ಧೆ, ಪ್ರಬಂಧ ಸ್ಪರ್ಧೆ, ಅತಿಥಿಗಳಿಗೆ ಫೋನು, ಶಾಲು, ಹಾರ, ನಿರೂಪಣೆ ಎಲ್ಲವೂ ಇವರದೇ. ಆ ತಿಂಗಳು ಬಂದ ಅಸೈನ್‌ಮೆಂಟ್‌ಗಳು ಸ್ಟಾಫ್ ರೂಮಿನ ಬೀರುವಿಗೆ ಹೋದವು. ಆಮೇಲೆ ನೋಡೋಣ ಎಂದಾಯಿತು. ಕ್ರೀಡಾಕೂಟದ ದಿನಾಂಕ ಹಿಂದೆ ಮುಂದೆ ಆಗಿ ಎರಡನೇ ಟೆಸ್ಟ್ ಡಿಸೆಂಬರ್ 16, 17ಕ್ಕೆ ಹೋಯಿತು. 18ರ ಮಧ್ಯಾಹ್ನ ಬ್ಲೂ ಬುಕ್ ಕಟ್ಟುಗಳು ಮೇಜಿಗೆ ಬಂದವು. ಅದೇ ದಿನ ಸಂಜೆ ಸ್ಟಾಫ್ ಗ್ರೂಪಿನಲ್ಲಿ ಸುತ್ತೋಲೆ ಬಂತು. ಪರೀಕ್ಷೆ ಜನವರಿ ಮೊದಲ ವಾರವೇ ಶುರು, ಹಾಗಾಗಿ ಆಂತರಿಕ ಅಂಕ 26ರೊಳಗೆ ಹಾಕಿ ಮುಗಿಸಬೇಕು.

ಈ ಮೂರರಲ್ಲಿ ಯಾವುದೊಂದೂ ದೊಡ್ಡ ವಿಷಯವಲ್ಲ. ಮೂರೂ ಒಂದೇ ವಾರದ ಮೇಲೆ ಬಿದ್ದವು ಅಷ್ಟೆ. ಸುತ್ತೋಲೆಗೆ ಎಲ್ಲರೂ "ಓಕೆ ಸರ್" ಎಂದು ಹಾಕಿದರು. ಲಲಿತಾ ಕೂಡ ಹಾಕಿದರು.

ಮೊದಲ ಮೂರು ರಾತ್ರಿ

ಅವರು ಮೊದಲು ಮಾಡಿದ್ದು ನಾವೆಲ್ಲ ಮಾಡುವುದನ್ನೇ. ಊಟ ಆದ ಮೇಲೆ ಕೂತು, ಆಗುವಷ್ಟು ನೋಡುವುದು. ಗುರುವಾರ ಇಪ್ಪತ್ತೈದು ಬ್ಲೂ ಬುಕ್ ಆದವು. ಶುಕ್ರವಾರ ಹಟ ಹಿಡಿದು ರಾತ್ರಿ ಒಂದರವರೆಗೆ ಕೂತರು, ಮೂವತ್ತು ದಾಟಿತು. ಖುಷಿಯಾಯಿತು.

ಶನಿವಾರ ಬೆಳಿಗ್ಗೆ ಅಂಕಪಟ್ಟಿಗೆ ಬರೆಯುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಬಿ.ಕಾಂ. ಬಿ ಸೆಕ್ಷನ್ನಿನ ಕೊನೆಯ ನಂಬರ್‌ಗಳವರಿಗೆಲ್ಲ ಅಂಕ ಕಡಿಮೆ. ಕ್ಲಾಸಿನಲ್ಲಿ ಚೆನ್ನಾಗಿ ಮಾತಾಡುವ ಇಬ್ಬರು ಹುಡುಗಿಯರೂ ಅದರಲ್ಲಿದ್ದರು. ರಾತ್ರಿ 11ರ ಮೇಲೆ ನೋಡಿದ ಆರು ಬ್ಲೂ ಬುಕ್ ತೆಗೆದು, ಹಳೆಯ ಅಂಕ ಕಾಣದ ಹಾಗೆ ಮೊದಲ ಪುಟ ಮಡಚಿ, ಪೆನ್ಸಿಲ್‌ನಲ್ಲಿ ಮತ್ತೆ ಅಂಕ ಹಾಕಿದರು. ನಾಲ್ಕರಲ್ಲಿ ಎರಡು ಮೂರು ಅಂಕ ಜಾಸ್ತಿ ಬಂತು.

ಮೂವತ್ತಕ್ಕೆ ಮೂರು ಅಂಕ, ಹತ್ತಕ್ಕೆ ಇಳಿಸಿದಾಗ ಅರ್ಧ ಅಂಕ. ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೂ ಅವರು 11ರ ಮೇಲಿನದ್ದೆಲ್ಲ ಮತ್ತೆ ನೋಡಿದರು. ಶನಿವಾರದ ಅರ್ಧ ಅದಕ್ಕೇ ಹೋಯಿತು, ಹೊಸದಾಗಿ ಆದದ್ದು ಇಪ್ಪತ್ತೇ. ನನ್ನ ಪ್ರಕಾರ ಈ ಪ್ರಕರಣದ ಮೊದಲ ತಿರುವು ಇದು. ಸುಸ್ತಾದವರು ನಿಧಾನವಾಗಿ ನೋಡುತ್ತಾರೆ ಅಂತ ಅಂದುಕೊಳ್ಳುತ್ತೇವೆ. ನಿಜವಾಗಿ ಸುಸ್ತಾದವರು ಬೇಗ ನೋಡುತ್ತಾರೆ, ಮತ್ತು ಕೈ ಬಿಗಿ ಮಾಡುತ್ತಾರೆ. ಉದ್ದ ಉತ್ತರದಲ್ಲಿ ಹುಡುಗ ಏನು ಹೇಳಹೊರಟಿದ್ದಾನೆ ಎಂದು ಹುಡುಕುವ ತಾಳ್ಮೆ ಮೊದಲು ಹೋಗುತ್ತದೆ. ಅಂಕ ಕೊಡಲು ಕಾರಣ ಬೇಕು, ಕೊಡದಿರಲು ಕಾರಣ ಬೇಡ.

ಆವತ್ತಿನಿಂದ ರಾತ್ರಿ ಹತ್ತೂವರೆಗೆ ಪೆನ್ನು ಕೆಳಗಿಡುವುದು ಎಂದು ನಿಯಮ ಮಾಡಿಕೊಂಡರು. ನಿಯಮ ಒಳ್ಳೆಯದೇ. ಆದರೆ ಉಳಿದ ರಾಶಿ ಹಾಗೇ ಇತ್ತು.

ಭಾನುವಾರದ ಲೆಕ್ಕ

21ರ ಭಾನುವಾರ ಬೆಳಿಗ್ಗೆ ಅವರು ಬ್ಲೂ ಬುಕ್ ಮುಟ್ಟಲಿಲ್ಲ. ಒಂದು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿದರು. ಉಳಿದ ಬ್ಲೂ ಬುಕ್ 155, ಒಂದಕ್ಕೆ ಆರೂವರೆ ನಿಮಿಷ, ಸುಮಾರು 17 ಗಂಟೆ. ಅಸೈನ್‌ಮೆಂಟ್ 230, ಒಂದಕ್ಕೆ ಮೂರೂವರೆ ನಿಮಿಷ, 13 ಗಂಟೆ ಚಿಲ್ಲರೆ. ಕೂಡುವುದು, ಪಟ್ಟಿ ಮಾಡುವುದು, ಪೋರ್ಟಲ್‌ಗೆ ಹಾಕುವುದು ಇನ್ನೊಂದು ನಾಲ್ಕೈದು ಗಂಟೆ. ಒಟ್ಟು 35. ಕೈಯಲ್ಲಿದ್ದದ್ದು ಭಾನುವಾರದ ಎಂಟು ಗಂಟೆ, ಸೋಮ, ಮಂಗಳ, ಬುಧ ಮೂರು ಮೂರು ಗಂಟೆ. ಒಟ್ಟು 17.

ಅರ್ಧಕ್ಕರ್ಧ ಕಡಿಮೆ. ಇದು ಗುರುವಾರವೇ ಗೊತ್ತಾಗಬಹುದಿತ್ತು, ಐದು ನಿಮಿಷದ ಲೆಕ್ಕ. "ಹಾಕಿದ್ರೆ ಹೆದರಿಕೆ ಆಗುತ್ತೆ ಅಂತಾನೇ ಹಾಕಿರಲಿಲ್ಲ" ಎಂದು ಅವರು ಆಮೇಲೆ ಹೇಳಿದರು. ನಗುತ್ತಲೇ ಹೇಳಿದರು. ಆದರೆ ಬಹಳ ಮೇಷ್ಟ್ರುಗಳ ಕಥೆ ಇದೇ ಅಲ್ವಾ?

ಎದುರಿಗಿದ್ದ ದಾರಿಗಳು ಇಷ್ಟು. ಒಂದು, ಪ್ರವಾಸ ಬಿಟ್ಟುಬಿಡುವುದು. ಎರಡು, ಬ್ಲೂ ಬುಕ್ ಕಾರಿನಲ್ಲಿ ಹಾಕಿಕೊಂಡು ಹೋಗುವುದು. ಗಂಡ ಹೇಳಿದ್ದು ಇದನ್ನೇ: "ಗಾಡೀಲಿ ಹಾಕ್ಕೋ, ರೂಮಲ್ಲಿ ಕೂತು ನೋಡಿದ್ರಾಯ್ತು." ಮೂರು, ಸಹೋದ್ಯೋಗಿಗೆ ಒಂದು ಸೆಕ್ಷನ್ ಕೊಡುವುದು. ಆದರೆ ಅವರ ಮೇಜಿನ ಮೇಲೂ ಅಷ್ಟೇ ರಾಶಿ. ನಾಲ್ಕು, ಗಡುವು ಮುಂದೂಡಿ ಎಂದು ಕೇಳುವುದು. ಐದನೆಯದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತು. ಅಂದಾಜಿಗೆ ಹಾಕುವುದು. ಮೊದಲ ಟೆಸ್ಟಿನ ಅಂಕ ನೋಡಿ ಎರಡನೆಯದಕ್ಕೂ ಅದರ ಆಸುಪಾಸು ಹಾಕುವುದು, ಅಸೈನ್‌ಮೆಂಟ್‌ಗೆ ರಟ್ಟು ನೋಡಿ ಎಂಟೋ ಒಂಬತ್ತೋ ಬರೆಯುವುದು. ತರಬೇತಿಗಳಲ್ಲಿ ಮೌಲ್ಯಮಾಪನದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ, ಈ ಐದನೇ ದಾರಿಯ ಸುದ್ದಿ ಎತ್ತುವುದಿಲ್ಲ. ಸಮಯದ ಒತ್ತಡ ಬಂದಾಗ ಹೆಚ್ಚು ಜನ ಹಿಡಿಯುವುದು ಇದನ್ನೇ ಎಂದು ನನ್ನ ಅನುಮಾನ.

ಲಲಿತಾ ಎರಡನೆಯದನ್ನು ಸ್ವಲ್ಪ ಹೊತ್ತು ಯೋಚಿಸಿದರು. ವಿಭಾಗದ ಮುಖ್ಯಸ್ಥರನ್ನು ಕೇಳಿದರೆ "ನಿಮಗೆ ಬಿಟ್ಟಿದ್ದು ಮೇಡಂ" ಎಂದರು. ಕೊನೆಗೆ ಬೇಡ ಎಂದು ನಿರ್ಧರಿಸಿದ್ದಕ್ಕೆ ಎರಡು ಕಾರಣ. ಬ್ಲೂ ಬುಕ್ ಕಾಲೇಜಿನ ದಾಖಲೆ. ಡಿಕ್ಕಿಯಲ್ಲಿ ನೀರಿನ ಕ್ಯಾನಿನ ಪಕ್ಕ ಅರವತ್ತು ಮಕ್ಕಳ ಉತ್ತರ ಇಟ್ಟುಕೊಂಡು ಐದು ಊರು ತಿರುಗುವ ಧೈರ್ಯ ಅವರಿಗೆ ಬರಲಿಲ್ಲ. ಇನ್ನೊಂದು, ಹೊರಡುವುದು 25ಕ್ಕೆ, ಗಡುವು 26. ರೂಮಿನಲ್ಲಿ ನೋಡಲು ಸಿಗುವುದು ಒಂದೇ ರಾತ್ರಿ, ಅದೂ ಮುನ್ನೂರು ಕಿಲೋಮೀಟರ್ ಮೇಲೆ ಪ್ರಯಾಣ ಮಾಡಿದ ರಾತ್ರಿ.

ಪ್ರವಾಸವನ್ನು ಎಲ್ಲಿ ಕತ್ತರಿಸುವುದು

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಲಲಿತಾ ವಿಷಯ ಎತ್ತಿದರು. ಹೊರಡುವುದು ಒಂದು ದಿನ ತಡವಾಗುತ್ತದೆ, ಯಾವುದಾದರೂ ಒಂದು ಊರು ಬಿಡಬೇಕು. ಪ್ರತಿಯೊಬ್ಬರೂ ತಪ್ಪಿಸಬಾರದು ಅನ್ನುವ ಒಂದೇ ಒಂದು ಜಾಗ ಹೇಳಿ ಎಂದರು.

ಮಗ ಹಂಪಿಯ ಕಲ್ಲಿನ ರಥ ಎಂದ. 50 ರೂಪಾಯಿ ನೋಟಿನ ಹಿಂದೆ ಇರುವುದನ್ನು ನಿಜದಲ್ಲಿ ನೋಡಬೇಕು ಎಂಬುದು ಅವನ ಆಸೆ. ಗಂಡ ತುಂಗಭದ್ರಾ ಅಣೆಕಟ್ಟು ಎಂದರು. 2024ರ ಆಗಸ್ಟ್‌ನಲ್ಲಿ ಅದರ 19ನೇ ಗೇಟು ಕೊಚ್ಚಿಹೋದಾಗ ವಾರಗಟ್ಟಲೆ ಸುದ್ದಿ ನೋಡಿದವರು ಅವರು. ಲಲಿತಾ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ಎಂದರು. ಕನ್ನಡದ ಅತಿ ಹಳೆಯ ತ್ರಿಪದಿಗಳು ಅಲ್ಲಿವೆ ಎಂದು ವರ್ಷಾನುಗಟ್ಟಲೆ ಬೋರ್ಡಿನ ಮೇಲೆ ಬರೆದು ಕಲಿಸಿದ್ದಾರೆ, ಆ ಬಂಡೆಯನ್ನು ಒಮ್ಮೆಯೂ ನೋಡಿಲ್ಲ.

ಅತ್ತೆಗೋಸ್ಕರವೇ ವಿಜಯಪುರ ಹಾಕಿದ್ದು ಎಂದು ಎಲ್ಲರ ನಂಬಿಕೆ. ಅವರು ಹೇಳಿದ್ದು ಬೇರೆಯೇ: "ಗೋಳಗುಮ್ಮಟ ನಾನು ಮದುವೆಗೆ ಮುಂಚೇನೇ ನೋಡಿದೀನಿ ಕಣಮ್ಮಾ. ಈ ಮಂಡೀಲಿ ಆ ಮೆಟ್ಲು ಹತ್ತಕ್ಕಾಗುತ್ತಾ? ಸಂಗಮ ಒಂದು ತೋರಿಸ್ರಪ್ಪಾ, ಸಾಕು."

ಹಾಗಾದರೆ ವಿಜಯಪುರ ಯಾರಿಗೆ ಬೇಕಿತ್ತು? ಯಾರಿಗೂ ಇಲ್ಲ. ಅಷ್ಟು ದೂರ ಹೋಗ್ತೀವಲ್ಲ ಅಂತ ಪಟ್ಟಿಗೆ ಸೇರಿತ್ತು ಅಷ್ಟೆ. ಅದನ್ನು ಬಿಟ್ಟರು. ಊಟ ಮುಗಿಯುವ ಹೊತ್ತಿಗೆ ಆ ರೂಮೂ ರದ್ದಾಯಿತು, ದುಡ್ಡೂ ವಾಪಸ್ ಬಂತು. ಹಂಪಿಯ ಮೊದಲ ರಾತ್ರಿಯ ರೂಮು ಮಾತ್ರ ರದ್ದು ಮಾಡಿದರೆ ದುಡ್ಡು ಬರುವುದಿಲ್ಲ ಎಂಬ ಕರಾರಿನದು. ಅದು ಹೋಯಿತು. ಹೊರಡುವುದು 26ರ ಮಧ್ಯಾಹ್ನ, ಪೋರ್ಟಲ್ ಕೆಲಸ ಮುಗಿದ ಮೇಲೆ ಎಂದು ತೀರ್ಮಾನವಾಯಿತು.

ಇದರಿಂದ ಸಿಕ್ಕಿದ್ದು ಕ್ರಿಸ್‌ಮಸ್ ದಿನದ ಎಂಟು ಗಂಟೆ. 17 ಹೋಗಿ 25 ಆಯಿತು. ಇನ್ನೂ 10 ಗಂಟೆ ಸಾಲದು.

ಕೆಲಸವನ್ನು ಎಲ್ಲಿ ಕತ್ತರಿಸುವುದು

ಆ 10 ಗಂಟೆ ಸಿಕ್ಕಿದ್ದು ತರಗತಿಯಲ್ಲೇ. ಸೋಮವಾರದಿಂದ ಬುಧವಾರದವರೆಗೆ ಬಿ.ಕಾಂ. ಎರಡು ಸೆಕ್ಷನ್‌ಗೂ ಬಿ.ಎ.ಗೂ ಕೊನೆಯ ತರಗತಿಗಳು ಉಳಿದಿದ್ದವು. ಪಠ್ಯ ಮುಗಿದಿತ್ತು, ಪುನರಾವರ್ತನೆ ಮಾತ್ರ. ಲಲಿತಾ ಅಸೈನ್‌ಮೆಂಟ್ ಕಟ್ಟನ್ನು ತರಗತಿಗೇ ತೆಗೆದುಕೊಂಡು ಹೋದರು. ನಂಬರ್ ಪ್ರಕಾರ ಒಬ್ಬೊಬ್ಬರೇ ಬಂದು, ತಾವು ಬರೆದದ್ದರಲ್ಲಿ ಮುಖ್ಯ ಅನ್ನಿಸಿದ್ದನ್ನು ಒಂದೆರಡು ನಿಮಿಷದಲ್ಲಿ ಹೇಳಬೇಕು. ಅವರು ಹೇಳುವಾಗ ಇವರು ಹಾಳೆ ತಿರುವುತ್ತಾರೆ. ಬರಹಕ್ಕೆ 6, ಹೇಳಿದ್ದಕ್ಕೆ 4.

ಇದು ಸಮಯ ಉಳಿಸಲು ಹೂಡಿದ ಉಪಾಯ. ಆದರೆ ಅದರಿಂದ ಬೇರೆಯೂ ಒಂದು ಹೊರಬಿತ್ತು. ನೀಟಾಗಿ ಬಣ್ಣದ ಪೆನ್ನಿನಲ್ಲಿ ಅಂಚು ಹಾಕಿ ಬರೆದ ಕೆಲವರಿಗೆ ಒಳಗೆ ಏನಿದೆ ಎಂದು ಗೊತ್ತಿರಲಿಲ್ಲ. ಮೂರು ಪುಟ ಗೀಚಿ ತಂದಿದ್ದ ಒಬ್ಬ ಹುಡುಗ ತನ್ನ ಅಜ್ಜಿ ಬೀಸುವಾಗ ಹೇಳುವ ಪದವನ್ನು ರಾಗವಾಗಿ ಹೇಳಿ, ಅದರ ಮೂರು ಸಾಲನ್ನು ಬಿಡಿಸಿ ತೋರಿಸಿದ. ರಟ್ಟು ನೋಡಿ ಅಂಕ ಹಾಕಿದ್ದರೆ ಅವನಿಗೆ ಆರು ಬರುತ್ತಿತ್ತು. ಒಂಬತ್ತು ಬಂತು.

ತೊಂದರೆಯೂ ಇತ್ತು. ನಾಚಿಕೆಯ ಮಕ್ಕಳು ತಡವರಿಸಿದರು. ಅಂಥ ಕೆಲವರನ್ನು ಸ್ಟಾಫ್ ರೂಮಿಗೆ ಕರೆಸಿ ಕೇಳಬೇಕಾಯಿತು. ಮೊದಲೇ ಹೇಳದೆ ಅಂಕ ಹಂಚುವ ರೀತಿ ಬದಲಿಸಿದ್ದು ಸರಿಯೇ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಅವಳ ಪ್ರಶ್ನೆಯಲ್ಲಿ ನ್ಯಾಯವಿದೆ. ಬಿಸಿಎ ಮಕ್ಕಳಿಗೆ ತರಗತಿ ಮುಗಿದುಹೋಗಿತ್ತು, ಅವರದನ್ನು ಹಳೆಯ ರೀತಿಯಲ್ಲೇ ನೋಡಿದರು. ಒಂದೇ ಪತ್ರಿಕೆಗೆ ಎರಡು ಅಳತೆ ಆದಂತಾಯಿತು. ಲಲಿತಾ ಇದನ್ನು ಮುಖ್ಯಸ್ಥರಿಗೆ ಬರೆದು ತಿಳಿಸಿದರು. ಅವರು ಸಹಿ ಹಾಕಿ ಫೈಲಿಗೆ ಸೇರಿಸಿದರು.

ಬ್ಲೂ ಬುಕ್ ನೋಡುವ ಕ್ರಮವನ್ನೂ ಬದಲಿಸಿದರು. ಒಬ್ಬರ ಪೂರ್ತಿ ಪುಸ್ತಕ ನೋಡುವ ಬದಲು, ಒಂದು ಸೆಕ್ಷನ್ನಿನ ಎಲ್ಲರ ಮೊದಲ ಪ್ರಶ್ನೆ, ಆಮೇಲೆ ಎಲ್ಲರ ಎರಡನೇ ಪ್ರಶ್ನೆ. ಯಾವ ಅಂಶಕ್ಕೆ ಎಷ್ಟು ಅಂಕ ಎಂದು ಒಂದು ಹಾಳೆಯಲ್ಲಿ ಬರೆದು ಮುಂದಿಟ್ಟುಕೊಂಡರು. ಒಂದೇ ಪ್ರಶ್ನೆ ತಲೆಯಲ್ಲಿದ್ದರೆ ಕೈ ಬೇಗ ಓಡುತ್ತದೆ, ಅಂಕವೂ ಸಮವಾಗಿ ಬೀಳುತ್ತದೆ. ಆರೂವರೆ ನಿಮಿಷ ಐದರ ಹತ್ತಿರ ಬಂತು.

ಇದರಲ್ಲೊಂದು ಗುಂಡಿ ಇದೆ. ಕ್ರಿಸ್‌ಮಸ್ ಸಂಜೆ ಮೊತ್ತ ಸರಿನೋಡುವಾಗ ಅದು ಗೊತ್ತಾಯಿತು. ಒಂದು ಬ್ಲೂ ಬುಕ್ಕಿನಲ್ಲಿ ಎರಡನೇ ಪ್ರಶ್ನೆಯ ಉತ್ತರ ನಾಲ್ಕನೇ ಪುಟದಲ್ಲಿ ಅರ್ಧಕ್ಕೆ ನಿಂತಿತ್ತು. ಅಲ್ಲಿ ಅಂಕ 3, ಕೆಂಪು ಶಾಯಿಯಲ್ಲಿ. ಆಮೇಲೆ ಮೂರನೆಯದು, ನಾಲ್ಕನೆಯದು, ಒಂದು ಪುಟ ಖಾಲಿ. ಪುಟ ತಿರುವಿದರೆ ಕೊನೆಯ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ "2ನೇ ಪ್ರಶ್ನೆ ಮುಂದುವರಿದಿದೆ" ಎಂದು ಬರೆದು, ಹನ್ನೊಂದು ಸಾಲು. ತ್ರಿಪದಿಯ ಲಕ್ಷಣವನ್ನು ಗಣ ವಿಂಗಡಿಸಿ ತೋರಿಸಿದ್ದು ಅಲ್ಲಿ. 3 ಅಲ್ಲ, 7 ಅಂಕದ ಉತ್ತರ ಅದು. ಪೂರ್ತಿ ಪುಸ್ತಕ ಒಟ್ಟಿಗೆ ನೋಡುವಾಗ ಇಂಥದ್ದು ತಪ್ಪಿಹೋಗುವುದು ಕಡಿಮೆ. ಪ್ರಶ್ನೆ ಹಿಡಿದು ನೋಡುವಾಗ ಆ ಪುಟಕ್ಕೆ ಕೈ ಹೋಗುವುದೇ ಇಲ್ಲ. ಅವರು ಎಲ್ಲ ಪುಸ್ತಕಗಳ ಕೊನೆಯ ಪುಟಗಳನ್ನು ತಿರುವಿದರು. ಇನ್ನೂ ಮೂರು ಕಡೆ ಹಾಗೇ ಆಗಿತ್ತು. ಮೊತ್ತದ ತಪ್ಪುಗಳೂ ಕೆಲವು ಸಿಕ್ಕಿದವು. ಗಂಡ ಹೆಸರಿಲ್ಲದೆ ಬರೀ ನಂಬರ್ ಮತ್ತು ಅಂಕ ಓದಿದರು, ಇವರು ಪಟ್ಟಿಯಲ್ಲಿ ಗುರುತು ಹಾಕಿದರು. ಎರಡು ಗಂಟೆಯ ಕೆಲಸ. ಬಿಟ್ಟಿದ್ದರೆ ನಾಲ್ಕೈದು ಮಕ್ಕಳಿಗೆ ಅನ್ಯಾಯವಾಗುತ್ತಿತ್ತು.

ಬಾಲ

ನೋಡಿ ಮುಗಿಸುವುದು ಬೇರೆ, ಒಪ್ಪಿಸಿ ಮುಗಿಸುವುದು ಬೇರೆ. ಭಾನುವಾರದ ಲೆಕ್ಕದಲ್ಲಿ ಇಲ್ಲದೇ ಇದ್ದದ್ದು ಈ ಬಾಲ.

ಟೆಸ್ಟ್ ದಿನ ಆರು ಜನ ಗೈರು. ನಾಲ್ವರು ಎನ್‌ಎಸ್‌ಎಸ್ ವಿಶೇಷ ಶಿಬಿರದಲ್ಲಿದ್ದವರು. ಅವರಿಗೆ ಮರು ಟೆಸ್ಟ್ ಕೊಡಲೇಬೇಕು, ಅದು ಅವರ ಹಕ್ಕು. ಫೋನ್ ಮಾಡಿ 23ಕ್ಕೆ ಕರೆಸಿ ಬರೆಸಿದರು. ಜ್ವರ ಎಂದಿದ್ದ ಒಬ್ಬಳು ವೈದ್ಯರ ಚೀಟಿ ತಂದು ಅವತ್ತೇ ಬರೆದಳು. ಆರನೆಯವನು ಬರಲಿಲ್ಲ. ತಂದೆಗೆ ಹುಷಾರಿಲ್ಲದೆ ಆಸ್ಪತ್ರೆಯಲ್ಲಿದ್ದ. ಪೋರ್ಟಲ್‌ನಲ್ಲಿ ಒಂದು ಮನೆ ಖಾಲಿ ಬಿಟ್ಟರೂ ಪಟ್ಟಿ ಅಂತಿಮ ಮಾಡಲು ಬರುವುದಿಲ್ಲ. "ಏನೋ ಒಂದು ಹಾಕಿ ಮೇಡಂ, ಆಮೇಲೆ ಬದಲಾಯಿಸೋಣ" ಎಂದು ಕಚೇರಿಯವರು ಹೇಳಿದರು. ಲಲಿತಾ ಗೈರು ಎಂದು ಹಾಕಿದರು. ಬರೆಯದ ಟೆಸ್ಟ್‌ಗೆ ಅಂಕ ಹಾಕಲು ಅವರಿಗೆ ಮನಸ್ಸು ಬರಲಿಲ್ಲ. ನಿಯಮದ ಪ್ರಕಾರ ಸರಿ. ಆದರೆ ಅದರ ಬೆಲೆ ಕಟ್ಟಿದ್ದು ಆ ಹುಡುಗ. ಜನವರಿಯಲ್ಲಿ ಅವನು ಮರು ಟೆಸ್ಟ್ ಬರೆದು, ಅರ್ಜಿ ಕೊಟ್ಟು, ಪ್ರಿನ್ಸಿಪಾಲರ ಪತ್ರ ಕುಲಸಚಿವರ (ಮೌಲ್ಯಮಾಪನ) ಕಚೇರಿಗೆ ಹೋಗಿ, ಅಂಕ ಸೇರುವಷ್ಟರಲ್ಲಿ ಮೂರು ವಾರ ಹಿಡಿಯಿತು. ಹಳೆಯ ಗಡುವು 31ರವರೆಗೆ ಇದ್ದಿದ್ದರೆ ಅವನಿಗೆ ಈ ಓಡಾಟ ಇರುತ್ತಿರಲಿಲ್ಲ. ಸುತ್ತೋಲೆ ಬಂದ ದಿನ ಒಬ್ಬರಾದರೂ "ಗೈರಾದವರಿಗೆ ಏನು ಮಾಡೋಣ?" ಎಂದು ಕೇಳಿದ್ದರೆ ಕಾಲೇಜಿನಿಂದಲೇ ಒಂದು ಪತ್ರ ಹೋಗುತ್ತಿತ್ತು. ಲಲಿತಾ ಕೇಳಲಿಲ್ಲ, ಇಡೀ ಗ್ರೂಪಿನಲ್ಲಿ ಯಾರೂ ಕೇಳಲಿಲ್ಲ.

26ರ ಬೆಳಿಗ್ಗೆ ಒಂಬತ್ತೂವರೆಗೆ ಅವರು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿದ್ದರು. ಕೊನೆಯ ದಿನ ಎಲ್ಲರೂ ಒಟ್ಟಿಗೆ ಕೂತರೆ ಏನಾಗುತ್ತದೋ ಅದೇ ಆಯಿತು. ಪುಟ ತೆರೆಯಲು ನಿಮಿಷಗಟ್ಟಲೆ. ಅಂತಿಮ ಮಾಡುವ ಒಟಿಪಿ ಪ್ರಿನ್ಸಿಪಾಲರ ಫೋನಿಗೆ ಹೋಗುತ್ತದೆ, ಅವರು ಒಂದು ಮದುವೆಯಲ್ಲಿದ್ದರು. ವಾದ್ಯದ ಸದ್ದಿನಲ್ಲಿ ಅವರು ಅಂಕಿ ಹೇಳುವುದು, ಇವರು ತಪ್ಪು ಕೇಳಿಸಿಕೊಳ್ಳುವುದು, ಅವಧಿ ಮುಗಿಯುವುದು, ಮತ್ತೆ ಕಳಿಸುವುದು. ಮಧ್ಯಾಹ್ನ 2.40ಕ್ಕೆ ನಾಲ್ಕೂ ಸೆಕ್ಷನ್ ಮುಗಿದವು. ಪ್ರಿಂಟ್ ತೆಗೆದು, ಸಹಿ ಮಾಡಿ, ಬ್ಲೂ ಬುಕ್ ಕಟ್ಟುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮನೆಯಿಂದ ಹೊರಟಾಗ ಮೂರೂವರೆ.

ಚಿತ್ರದುರ್ಗದ ನಿರ್ಧಾರ

ನನಗೆ ಇಡೀ ಪ್ರಕರಣದಲ್ಲಿ ಮುಖ್ಯ ಅನ್ನಿಸಿದ್ದು ಇದು. ಸಂಜೆ ಏಳೂಕಾಲಕ್ಕೆ ಚಿತ್ರದುರ್ಗ ತಲುಪಿದರು. ಅಲ್ಲಿಂದ ಹೊಸಪೇಟೆಗೆ ರಾಷ್ಟ್ರೀಯ ಹೆದ್ದಾರಿ 50, ಒಳ್ಳೆಯ ರಸ್ತೆ, ಎರಡೂವರೆ ಗಂಟೆ ಸಾಕು. ದುಡ್ಡು ಕೊಟ್ಟ ರೂಮು ಅಲ್ಲಿ ಕಾಯುತ್ತಿದೆ. ಗಂಡನಿಗೆ ಹೋಗಿಬಿಡೋಣ ಎಂದಿತ್ತು. ಲಲಿತಾ ಹಿರಿಯೂರಿನಿಂದ ಈಚೆಗೆ ತಾವೇ ಓಡಿಸಿದ್ದರು. ಐಮಂಗಲದ ಹತ್ತಿರ ಎಲ್ಲಿ ಬಂದೆವು ಎಂಬುದೇ ಕೆಲವು ಕ್ಷಣ ತಿಳಿಯಲಿಲ್ಲ ಎಂದು ಆಮೇಲೆ ಹೇಳಿದರು. ಕಣ್ಣು ತೆರೆದೇ ಇತ್ತು. "ರೀ, ಇಲ್ಲೇ ಉಳಿಯೋಣ. ರೂಮಿನ ದುಡ್ಡು ಹೋಗ್ಲಿ" ಎಂದರು. ಒಂದು ಸಾಧಾರಣ ಲಾಡ್ಜ್ ಹಿಡಿದು, ಒಂಬತ್ತಕ್ಕೆ ಮಲಗಿದರು.

ಈಗ ಹಳೆಯ ಯೋಜನೆಯನ್ನು ಇನ್ನೊಮ್ಮೆ ನೋಡಿ. 24ರ ರಾತ್ರಿ ಮೌಲ್ಯಮಾಪನ ಮುಗಿಸಿ, 25ರ ಬೆಳಗಿನ ಜಾವ 4ಕ್ಕೆ ಗಾಡಿ ಹತ್ತುವುದು. ವಾರದಿಂದ ಸರಿಯಾಗಿ ನಿದ್ದೆ ಮಾಡದ ಒಬ್ಬರು, ಅವರ ಜೊತೆ ಎದ್ದಿದ್ದ ಇನ್ನೊಬ್ಬರು, ಇಬ್ಬರೇ ಚಾಲಕರು. ರಾತ್ರಿ ಎರಡರಿಂದ ಬೆಳಿಗ್ಗೆ ಆರರವರೆಗೆ ಮೈ ತಾನಾಗಿಯೇ ನಿದ್ದೆ ಕೇಳುತ್ತದೆ. ಟೀ ಕುಡಿದರೆ, ಕಿಟಕಿ ಇಳಿಸಿದರೆ, ಹಾಡು ಹಾಕಿದರೆ ಅದು ಸ್ವಲ್ಪ ಹೊತ್ತು ಮರೆಗೆ ಸರಿಯುತ್ತದೆ, ಹೋಗುವುದಿಲ್ಲ. ಸಂಜೆ ಏಳಕ್ಕೇ ಹೀಗಾದವರು ನಸುಕಿನಲ್ಲಿ ಹೇಗಿರುತ್ತಿದ್ದರು? ಗಡುವು ಬದಲಾಗದೇ ಇದ್ದಿದ್ದರೂ, ಎಲ್ಲವೂ ಅಂದುಕೊಂಡ ಹಾಗೇ ನಡೆದಿದ್ದರೂ, ಅಪಾಯ ಆ ಯೋಜನೆಯ ಒಳಗೇ ಇತ್ತು. ಕೆಲಸಕ್ಕೂ ಪ್ರವಾಸಕ್ಕೂ ಸಮಯದ ಜಗಳ ಎಂದು ನಾವು ನೋಡುತ್ತೇವೆ. ಸಮಯ ಹೊಂದಿದರೂ ನಿದ್ದೆಯ ಸಾಲ ಉಳಿದೇ ಇರುತ್ತದೆ.

ಪ್ರವಾಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶನಿವಾರ ಹಂಪಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳ ಸಾಲು, ವಿಜಯ ವಿಠ್ಠಲ ದೇವಸ್ಥಾನಕ್ಕೆ ಹೋಗುವ ಬ್ಯಾಟರಿ ಗಾಡಿಗೆ ಉದ್ದದ ಕ್ಯೂ. ಮಗ ನೋಟು ಹಿಡಿದು ರಥದ ಮುಂದೆ ಫೋಟೊ ತೆಗೆಸಿಕೊಂಡ. ಅಣೆಕಟ್ಟು ಸಂಜೆ. ಭಾನುವಾರ ಸಂಗಮ, ಐಹೊಳೆ ಮತ್ತು ಪಟ್ಟದಕಲ್ಲನ್ನು ದಾರಿಯಲ್ಲೇ ಇಣುಕಿ ಬಾದಾಮಿ. ಸೋಮವಾರ ಬೆಳಿಗ್ಗೆ ತಟ್ಟುಕೋಟೆಯಲ್ಲಿರುವ ಕಪ್ಪೆ ಅರಭಟ್ಟನ ಶಾಸನದ ಬಂಡೆ. ರಾತ್ರಿ ಹತ್ತಕ್ಕೆ ಮನೆ. ಎಲ್ಲರೂ ಹೇಳಿದ ಒಂದೊಂದು ಜಾಗವೂ ಆಯಿತು. ವಿಜಯಪುರ ತಪ್ಪಿತಲ್ಲ ಎಂದು ಯಾರೂ ಕೊರಗಲಿಲ್ಲ.

ಇದರಿಂದ ತಿಳಿದದ್ದು

ಅಂಕ ಪ್ರಕಟವಾದ ಮೇಲೆ ಇಬ್ಬರು ವಿದ್ಯಾರ್ಥಿಗಳು ಬ್ಲೂ ಬುಕ್ ನೋಡಬೇಕೆಂದು ಬಂದರು. ತೋರಿಸಿದರು, ಒಪ್ಪಿ ಹೋದರು. ಅಂಶವಾರು ಅಂಕದ ಹಾಳೆ ಇದ್ದದ್ದರಿಂದ ವಾದ ಬೆಳೆಯಲಿಲ್ಲ. ಆ ಹಾಳೆ ಮೊದಲ ದಿನವೇ ಬೇಕಿತ್ತು.

ಕತ್ತರಿ ಎಲ್ಲಿ ಬಿತ್ತು ಎಂಬುದನ್ನು ಗಮನಿಸಿ. ಪ್ರವಾಸದಲ್ಲಿ ಯಾರಿಗೂ ಬೇಡದ ಊರಿನ ಮೇಲೆ ಬಿತ್ತು, ಮೌಲ್ಯಮಾಪನದಲ್ಲಿ ಪುನರಾವರ್ತನೆಯ ತರಗತಿಯ ಮೇಲೆ ಬಿತ್ತು. ಮಕ್ಕಳ ಉತ್ತರ ಓದುವ ಸಮಯದ ಮೇಲೆ ಬೀಳಲಿಲ್ಲ. ಲೆಕ್ಕ ಹಾಕದೆ ಹಾಗೇ ಮುಂದುವರಿದಿದ್ದರೆ ಬೀಳುತ್ತಿದ್ದದ್ದು ಅಲ್ಲಿಯೇ. ಅದು ಯಾರ ಕಣ್ಣಿಗೂ ಕಾಣದ ಜಾಗ, ಹಾಗಾಗಿ ಮೊದಲು ಸವೆಯುವುದೂ ಅದೇ.

ಅಸೈನ್‌ಮೆಂಟ್‌ಗಳನ್ನು ಬೀರುವಿಗೆ ಹಾಕುವ ಅಭ್ಯಾಸವನ್ನು ಅವರು ಬಿಟ್ಟಿದ್ದಾರೆ. ಬೆಸ ಸೆಮಿಸ್ಟರ್‌ನಲ್ಲಿ ಇನ್ನು ಮುಂದೆ ಅಕ್ಟೋಬರ್‌ನಲ್ಲೇ ತರಗತಿಯಲ್ಲಿ ಹೇಳಿಸಿ ಅಂಕ ಹಾಕುವುದು, ಅದನ್ನು ಸೆಮಿಸ್ಟರ್ ಶುರುವಿನಲ್ಲೇ ನಾಲ್ಕೂ ಸೆಕ್ಷನ್‌ಗೆ ತಿಳಿಸುವುದು ಎಂದು ತೀರ್ಮಾನಿಸಿದ್ದಾರೆ. ಗಡುವಿಗೂ ಹೊರಡುವ ದಿನಕ್ಕೂ ಮಧ್ಯೆ ಒಂದು ಖಾಲಿ ದಿನ ಇರಲೇಬೇಕು ಎಂದು ಈಗ ಗಂಡನೇ ಹೇಳುತ್ತಾರಂತೆ.

ಕಾಲೇಜಿನ ಕಡೆಯಿಂದ ಆಗಬೇಕಾದ್ದು ಇನ್ನೂ ಆಗಿಲ್ಲ. ಮುಂದಿನ ವರ್ಷದ ಕ್ಯಾಲೆಂಡರ್ ಕರಡಿನಲ್ಲೂ ಎರಡನೇ ಟೆಸ್ಟ್ ಡಿಸೆಂಬರ್‌ನಲ್ಲೇ ಇದೆ, ಕ್ರೀಡಾಕೂಟ ಅದರ ಹಿಂದಿನ ವಾರ. ಟೆಸ್ಟನ್ನು ನವೆಂಬರ್ ಕೊನೆಗೆ ತನ್ನಿ, ಗೈರಾದವರ ಮರು ಟೆಸ್ಟ್‌ಗೂ ಒಂದು ದಿನ ಮೊದಲೇ ಗುರುತಿಸಿ, ರಾಜ್ಯೋತ್ಸವದ ಕೆಲಸವನ್ನು ಬೇರೆ ವಿಭಾಗಗಳಿಗೂ ಹಂಚಿ ಎಂದು ಐಕ್ಯೂಎಸಿಯಿಂದ ಬರೆದುಕೊಟ್ಟಿದ್ದೇನೆ. ಪ್ರಿನ್ಸಿಪಾಲರು "ನೋಡೋಣ" ಎಂದಿದ್ದಾರೆ. ಮೂರನೆಯದಕ್ಕೆ ಕಾಮರ್ಸ್ ವಿಭಾಗದವರು ಈಗಾಗಲೇ ಮುಖ ಸಿಂಡರಿಸಿದ್ದಾರೆ.